ಕರಾಟೆ ತಂಡವನ್ನು ವಿದೇಶದ ಸ್ಪರ್ಧೆಗೆ ಕರೆದೊಯ್ಯುವ ಮುನ್ನ: ಹುಬ್ಬಳ್ಳಿ-ಧಾರವಾಡ ಭಾಗದ ಕೋಚ್ ಮತ್ತು ಪಾಲಕರಿಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಕರಾಟೆ, ಟೇಕ್ವಾಂಡೊ ಕ್ಲಾಸುಗಳು ಈಗ ತಾಲ್ಲೂಕು ಊರುಗಳಿಗೂ ಬಂದಿವೆ. ಶಾಲೆಯ ಅಂಗಳದಲ್ಲೋ ಸಮುದಾಯ ಭವನದಲ್ಲೋ ಕಲಿತ ಹುಡುಗ ಹುಡುಗಿಯರು ರಾಜ್ಯಮಟ್ಟದಲ್ಲಿ ಒಂದೆರಡು ಪದಕ ಗೆದ್ದರೆ ಸಾಕು, ಕೋಚ್ ಮೊಬೈಲಿಗೆ ಆಮಂತ್ರಣಗಳು ಶುರುವಾಗುತ್ತವೆ. ಮಲೇಷ್ಯಾ, ಥಾಯ್ಲೆಂಡ್, ದುಬೈ, ನೇಪಾಳ. ಮಕ್ಕಳ ಕಣ್ಣು ಅರಳುತ್ತದೆ, ಪಾಲಕರು ರೊಕ್ಕದ ಲೆಕ್ಕ ಹಾಕತೊಡಗುತ್ತಾರೆ. ಆ ಹಂತದಿಂದ ತಂಡ ಮರಳಿ ಊರು ಮುಟ್ಟುವವರೆಗೆ ಏನೇನು, ಯಾವ ಅನುಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನ ಮಾತು ಕರಾಟೆಯದು. ಟೇಕ್ವಾಂಡೊಗೆ ಬೇರೆ ನಿಯಮ ಇರುವಲ್ಲಿ ಅದನ್ನೂ ಹೇಳಿದ್ದೇನೆ.

ಹಂತ 1: ಅದು ಎಂಥ ಸ್ಪರ್ಧೆ ಎಂದು ತಿಳಿದುಕೊಳ್ಳಿ

ಒಂದು ರೂಪಾಯಿ ಸಂಗ್ರಹಿಸುವ ಮುಂಚೆ ಆಗಬೇಕಾದ ಕೆಲಸ ಇದು. ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’, ‘ವರ್ಲ್ಡ್’ ಎಂದಿದ್ದರೂ ಸ್ಪರ್ಧೆಗಳಲ್ಲಿ ಎರಡು ಬಗೆ. ಒಂದು, ಜಾಗತಿಕ ಸಂಸ್ಥೆಯೇ ನಡೆಸುವುದು ಅಥವಾ ಮಾನ್ಯ ಮಾಡಿರುವುದು. ಕರಾಟೆಯಲ್ಲಿ ವರ್ಲ್ಡ್ ಕರಾಟೆ ಫೆಡರೇಷನ್, ಅಂದರೆ ಡಬ್ಲ್ಯುಕೆಎಫ್, ನಡೆಸುವ ವಿಶ್ವ ಚಾಂಪಿಯನ್‌ಷಿಪ್, ಕರಾಟೆ-1 ಪ್ರೀಮಿಯರ್ ಲೀಗ್, ಯೂತ್ ಲೀಗ್ ಇಂಥವು. ಇವಕ್ಕೆ ಹೆಸರು ಹೋಗಬೇಕಾದದ್ದು ರಾಷ್ಟ್ರೀಯ ಫೆಡರೇಷನ್ ಮೂಲಕ. ಟೇಕ್ವಾಂಡೊದಲ್ಲೂ ಹಾಗೆಯೇ. ವರ್ಲ್ಡ್ ಟೇಕ್ವಾಂಡೊ ಸ್ಪರ್ಧೆಗೆ ಬೇಕಾದ ಗ್ಲೋಬಲ್ ಅಥ್ಲೀಟ್ ಲೈಸೆನ್ಸ್ ರಾಷ್ಟ್ರೀಯ ಸಂಸ್ಥೆಯ ಕಡೆಯಿಂದಲೇ ಆಗಬೇಕು. ಜೊತೆಗೆ ಕೊರಿಯಾದ ಟೇಕ್ವಾಂಡೊ ಕೇಂದ್ರ ಕುಕ್ಕಿವೊನ್ ಕೊಡುವ ಪೂಮ್ (ಚಿಕ್ಕವರ ಬ್ಲ್ಯಾಕ್ ಬೆಲ್ಟ್) ಅಥವಾ ಡಾನ್ (ದೊಡ್ಡವರದು) ಪ್ರಮಾಣಪತ್ರ ಬೇಕು.

ಎರಡನೆಯದು ಓಪನ್ ಸ್ಪರ್ಧೆ. ಶುಲ್ಕ ಕಟ್ಟಿದ ಯಾವ ಕ್ಲಬ್ ಬೇಕಾದರೂ ಹೋಗಬಹುದು. ಇದರಲ್ಲಿ ತಪ್ಪೇನೂ ಇಲ್ಲ, ಮಕ್ಕಳಿಗೆ ಒಳ್ಳೆಯ ಅನುಭವವೂ ಆದೀತು. ಆದರೆ ಅಲ್ಲಿಗೆ ಹೋಗುವುದು ನಿಮ್ಮ ಕ್ಲಬ್, ಭಾರತ ತಂಡವಲ್ಲ. ಪಾಲಕರಿಗೆ ಈ ಮಾತನ್ನು ಮೊದಲೇ, ಬಿಡಿಸಿ ಹೇಳಬೇಕು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಅಂತರರಾಷ್ಟ್ರೀಯ ಸಾಧನೆ ಎಂದು ಎಣಿಸಬೇಕಾದರೆ ರಾಷ್ಟ್ರೀಯ ಫೆಡರೇಷನ್ ಕಾರ್ಯದರ್ಶಿ ನಿಗದಿತ ನಮೂನೆಯಲ್ಲಿ ಸಹಿ ಮಾಡಿಕೊಡಬೇಕು. ಓಪನ್ ಸ್ಪರ್ಧೆಯ ಸಂಘಟಕರು ಕೊಟ್ಟ ಬಣ್ಣದ ಪ್ರಮಾಣಪತ್ರ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮುಂದೆ ಮಗಳ ನೌಕರಿಗೆ ಅನುಕೂಲ ಆಗುತ್ತದೆ ಎಂದು ನಂಬಿ ಹೊಲದ ಮೇಲೆ ಸಾಲ ತೆಗೆಯುವ ತಂದೆಗೆ ಈ ವಿಷಯ ತಿಳಿಯದೇ ಹೋದರೆ ಅದು ಅನ್ಯಾಯ. ಬಸ್‌ಸ್ಟ್ಯಾಂಡ್ ಮುಂದೆ ಕಟ್ಟುವ ಬ್ಯಾನರ್‌ನಲ್ಲಿ ‘ಭಾರತವನ್ನು ಪ್ರತಿನಿಧಿಸಲಿರುವ’ ಎಂದು ಬರೆಸುವುದೂ ಫೆಡರೇಷನ್ ಆಯ್ಕೆ ಮಾಡಿದ್ದರೆ ಮಾತ್ರ.

ಕರಾಟೆಯಲ್ಲಿ ಸಂಘಟನೆಗಳು ಬಹಳ, ಜಗಳಗಳೂ ಬಹಳ. ಈ ಹೊತ್ತು ಭಾರತದಿಂದ ಡಬ್ಲ್ಯುಕೆಎಫ್ ಸದಸ್ಯತ್ವ ಯಾರಿಗಿದೆ ಎಂಬುದನ್ನು ಯಾರದೋ ಬಾಯಿಮಾತಿನಿಂದ ನಂಬಬೇಡಿ. ಡಬ್ಲ್ಯುಕೆಎಫ್ ಜಾಲತಾಣದ ದೇಶವಾರು ಪಟ್ಟಿಯಲ್ಲಿ ನೀವೇ ನೋಡಿ.

ಓಪನ್ ಸ್ಪರ್ಧೆಯಾದರೆ ಸಂಘಟಕರಿಗೆ ಬರವಣಿಗೆಯಲ್ಲಿ ಕೆಲವು ಪ್ರಶ್ನೆ ಕೇಳಿ. ಹೋದ ವರ್ಷದ ಡ್ರಾ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ) ಮತ್ತು ಫಲಿತಾಂಶ ಎಲ್ಲಿ ಸಿಗುತ್ತದೆ? ಎಷ್ಟು ದೇಶಗಳ ಆಟಗಾರರು ನಿಜವಾಗಿ ಬಂದಿದ್ದರು? ರೆಫರಿಗಳಿಗೆ ಯಾವ ಸಂಸ್ಥೆಯ ಅರ್ಹತೆ ಇದೆ? ಮ್ಯಾಟ್ ಪಕ್ಕದಲ್ಲಿ ಡಾಕ್ಟರ್ ಇರುತ್ತಾರೋ ಇಲ್ಲವೋ? ಸೋತ ಮಗುವಿಗೆ ಇನ್ನೊಂದು ಪಂದ್ಯ ಸಿಗುತ್ತದೆಯೇ?

ಈ ಕೊನೆಯ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಡಬ್ಲ್ಯುಕೆಎಫ್ ನಿಯಮದಂತೆ 12–13 ವಯಸ್ಸಿನವರ ಕುಮಿಟೆ (ಎದುರಾಳಿಯ ಜೊತೆ ಹೋರಾಡುವ) ಪಂದ್ಯ ಒಂದೂವರೆ ನಿಮಿಷ, ಕೆಡೆಟ್ (14–15) ಮತ್ತು ಜೂನಿಯರ್‌ಗೆ (16–17) 2 ನಿಮಿಷ. ನಾಕೌಟ್‌ನಲ್ಲಿ ಮೊದಲ ಸುತ್ತಿಗೇ ಸೋತರೆ, ಸೋಲಿಸಿದವನು ಫೈನಲ್ ಮುಟ್ಟಿದಾಗ ಮಾತ್ರ ರೆಪಶಾಜ್, ಅಂದರೆ ಕಂಚಿನ ಪದಕಕ್ಕೆ ಆಡುವ ಎರಡನೇ ಅವಕಾಶ, ಸಿಗುವುದು ಸಾಮಾನ್ಯ ಪದ್ಧತಿ. ಇಲ್ಲದಿದ್ದರೆ ನಾಲ್ಕು ತಿಂಗಳ ತಯಾರಿ, ಮನೆಯವರ ಉಳಿತಾಯ, ಸಮುದ್ರ ದಾಟಿದ ಪ್ರಯಾಣ ಎಲ್ಲವೂ ಎರಡು ನಿಮಿಷಕ್ಕೆ ಮುಗಿಯುತ್ತದೆ. ಅದಕ್ಕೇ ಗುಂಪು ಹಂತದ ಪಂದ್ಯಗಳಿರುವ, ಇಲ್ಲವೇ ಸ್ಪರ್ಧೆಯ ಹಿಂದೆ ಮುಂದೆ ಎರಡು ದಿನದ ತರಬೇತಿ ಶಿಬಿರ ಇರುವ ಊರನ್ನು ಆರಿಸಿ. ಶಿಬಿರ ಇಲ್ಲದಿದ್ದರೆ ಅಲ್ಲಿಯ ಒಂದು ಕ್ಲಬ್ಬಿಗೆ ಪತ್ರ ಬರೆದು, ಒಂದು ಸಂಜೆ ಕೂಡಿ ಅಭ್ಯಾಸ ಮಾಡಲು ಅವಕಾಶ ಕೇಳಿ. ಬಹುತೇಕ ಕ್ಲಬ್‌ಗಳು ಖುಷಿಯಿಂದ ಒಪ್ಪುತ್ತವೆ. ಮೊದಲ ಸುತ್ತಿನಲ್ಲೇ ಸೋತ ಹುಡುಗನಿಗೂ ಆಗ ಹೊಸ ಎದುರಾಳಿಗಳ ಜೊತೆ ಹತ್ತು ಸುತ್ತು ಆಡಲು ಸಿಗುತ್ತದೆ.

ಹಂತ 2: ತೂಕ ತೂಗುವ ದಿನದಿಂದ ಹಿಂದಕ್ಕೆ ಎಣಿಸಿ

ಕ್ಯಾಲೆಂಡರ್ ತೆಗೆದು ಮೊದಲು ವೇ-ಇನ್ ದಿನ ಗುರುತು ಮಾಡಿ. ಅಲ್ಲಿಂದ ಹಿಂದಕ್ಕೆ: ಆ ಊರು ತಲುಪುವುದು ಕನಿಷ್ಠ ಎರಡು ದಿನ ಮೊದಲು, ವೀಸಾ ಕೈಗೆ ಬರುವುದು ಮೂರು ವಾರ ಮೊದಲು, ಪಾಸ್‌ಪೋರ್ಟ್ ಮೂರು ತಿಂಗಳು ಮೊದಲು, ತಂಡದ ಆಯ್ಕೆ ನಾಲ್ಕು ತಿಂಗಳು ಮೊದಲು. ಇಷ್ಟು ಸಮಯ ಇಲ್ಲದ ಆಮಂತ್ರಣವನ್ನು ಬಿಟ್ಟು ಮುಂದಿನ ವರ್ಷದ್ದಕ್ಕೆ ತಯಾರಾಗುವುದು ಲೇಸು.

ಎಸ್ಸೆಸ್ಸೆಲ್ಸಿ, ಪಿಯು ಮಕ್ಕಳಿದ್ದರೆ ಜನವರಿಯಿಂದ ಮಾರ್ಚ್ ಮುಗಿಯುವವರೆಗೆ ಪ್ರವಾಸ ಬೇಡ. ದಸರಾ ರಜೆ, ಇಲ್ಲವೇ ಏಪ್ರಿಲ್-ಮೇ ಸರಿಹೊಂದುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರಿಗೆ ಆಮಂತ್ರಣದ ಪ್ರತಿ ಸೇರಿಸಿ ರಜೆಯ ಅರ್ಜಿ ಕೊಟ್ಟು, ಸಹಿ ಮಾಡಿದ ಸ್ವೀಕೃತಿ ಪಡೆದುಕೊಳ್ಳಿ.

ಹಂತ 3: ಪಾಸ್‌ಪೋರ್ಟ್

ನಮ್ಮ ಭಾಗಕ್ಕೆ ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಬೆಂಗಳೂರಿಗೆ ಓಡಬೇಕಿಲ್ಲ. ಅರ್ಜಿ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ತುಂಬಿ, ಶುಲ್ಕ ಕಟ್ಟಿ, ದಿನ ಗೊತ್ತು ಮಾಡಿಕೊಳ್ಳುವುದು. 36 ಪುಟದ ಪುಸ್ತಕಕ್ಕೆ ದೊಡ್ಡವರಿಗೆ 1,500 ರೂಪಾಯಿ, 18 ತುಂಬದವರಿಗೆ 1,000. ತತ್ಕಾಲ್ ಬೇಕಾದರೆ ಅದರ ಮೇಲೆ 2,000. ಚಿಕ್ಕವರ ಪಾಸ್‌ಪೋರ್ಟ್ ಐದು ವರ್ಷಕ್ಕೆ, ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿವರೆಗೆ. 15 ದಾಟಿದವರು ಹತ್ತು ವರ್ಷದ್ದನ್ನೂ ಕೇಳಬಹುದು.

ಶುಲ್ಕಕ್ಕಿಂತ ಹೆಚ್ಚು ಕಾಡುವುದು ಹೆಸರು. ನಮ್ಮ ಕಡೆ ಶಾಲೆಯ ದಾಖಲೆಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಡ್ಡಹೆಸರು, ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಕೂಡಿದ ಹೆಸರು ಇರುವುದು ಮಾಮೂಲು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಿರೇಮಠ, ಅಂಗಡಿ, ಮುದಿಗೌಡ್ರ ಯಾವುದೇ ಇರಲಿ, ಇಂಗ್ಲಿಷ್ ಕಾಗುಣಿತ ಎಲ್ಲ ಕಾಗದದಲ್ಲೂ ಒಂದೇ ಇರಲಿ. ಆಧಾರ್ ತಿದ್ದುಪಡಿ ಬೇಕಿದ್ದರೆ ಅರ್ಜಿ ಹಾಕುವ ಮುಂಚೆಯೇ ಮಾಡಿಸಿ. ಜನ್ಮ ದಿನಾಂಕದ್ದೂ ಅದೇ ಗೋಳು. ಶಾಲೆಗೆ ಸೇರಿಸುವಾಗ ಅಂದಾಜಿನ ಮೇಲೆ ಜೂನ್ 1 ಎಂದು ಬರೆಸಿದವರು ಇನ್ನೂ ಇದ್ದಾರೆ. ವಿದೇಶದಲ್ಲಿ ವಯೋಮಿತಿ ನಿರ್ಧರಿಸುವುದು ಪಾಸ್‌ಪೋರ್ಟ್ ನೋಡಿ. ಅಲ್ಲಿ 14 ಎಂದಿದ್ದರೆ ಮಗು ಕೆಡೆಟ್‌ನಲ್ಲೇ ಆಡಬೇಕು, ಶಾಲೆಯ ದಾಖಲೆ ಅಲ್ಲಿ ಯಾರೂ ಕೇಳುವುದಿಲ್ಲ.

ಚಿಕ್ಕವರ ಅರ್ಜಿಗೆ ತಂದೆ-ತಾಯಿ ಇಬ್ಬರೂ ಸಹಿ ಮಾಡಿದ ಅನುಬಂಧ ‘ಡಿ’ ಬೇಕು. ಒಬ್ಬರೇ ಪಾಲಕರು ಅರ್ಜಿ ಹಾಕುವ ಸಂದರ್ಭಕ್ಕೆ ಅನುಬಂಧ ‘ಸಿ’ ಇದೆ. ತಂದೆ ಬಿಟ್ಟುಹೋದ ಮನೆಯ, ತಾಯಿಯೊಬ್ಬಳೇ ದುಡಿದು ಸಾಕುವ ಮಕ್ಕಳು ನಮ್ಮ ಕ್ಲಾಸುಗಳಲ್ಲಿ ಕಡಿಮೆ ಇಲ್ಲ. ಅಂಥ ತಾಯಿ ಸೇವಾ ಕೇಂದ್ರಕ್ಕೆ ಹೋಗುವ ದಿನ ಕೋಚ್ ಅಥವಾ ಇನ್ನೊಬ್ಬ ಪಾಲಕರು ಜೊತೆಗೆ ಹೋಗಿಬನ್ನಿ. ಕಾಗದಕ್ಕೆ ಹೆದರಿ ಒಳ್ಳೆಯ ಆಟಗಾರ್ತಿ ಮನೆಯಲ್ಲಿ ಉಳಿಯಬಾರದು.

ಮೊದಲೇ ಪಾಸ್‌ಪೋರ್ಟ್ ಇದ್ದವರದ್ದು ಪ್ರವಾಸದ ದಿನದಿಂದ ಆರು ತಿಂಗಳಾದರೂ ಚಾಲ್ತಿಯಲ್ಲಿರಬೇಕು.

ಹಂತ 4: ವೀಸಾ ಮತ್ತು ಗಡಿಯ ಕಾಗದ

ದೇಶಕ್ಕೊಂದು ನಿಯಮ, ಅದೂ ಆಗಾಗ ಬದಲಾಗುತ್ತದೆ. ಹೊರಡುವ ತಿಂಗಳು ಆಯಾ ದೇಶದ ರಾಯಭಾರ ಕಚೇರಿಯ ಜಾಲತಾಣ ನೋಡಲೇಬೇಕು. ಮಲೇಷ್ಯಾ, ಥಾಯ್ಲೆಂಡ್‌ಗಳು ಇತ್ತೀಚಿನ ವರ್ಷಗಳಲ್ಲಿ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ಕೊಟ್ಟಿವೆ. ಆದರೆ ಎರಡೂ ಕಡೆ ತಲುಪುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಇದು ಪುಕ್ಕಟೆ. ರೊಕ್ಕ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿದು ಹೊರಬನ್ನಿ.

ನೇಪಾಳಕ್ಕೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಸಾಕು. ದೊಡ್ಡವರು ಆಧಾರ್ ಮಾತ್ರ ಹಿಡಿದು ಹೋದರೆ ನಡೆಯುವುದಿಲ್ಲ. 15ರಿಂದ 18ರ ವಿದ್ಯಾರ್ಥಿಗಳಿಗೆ ಶಾಲೆಯ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪತ್ರ ನಡೆಯುತ್ತದೆ. ಮೊದಲ ವಿದೇಶ ಸ್ಪರ್ಧೆಗೆ ನನ್ನ ಆಯ್ಕೆ ನೇಪಾಳವೇ. ಖರ್ಚು ಕಡಿಮೆ, ಊಟ ಹೊಂದುತ್ತದೆ, ಎದುರಾಳಿಗಳು ಗಟ್ಟಿ.

ಯುರೋಪಿನ ಷೆಂಗೆನ್ ವೀಸಾಕ್ಕೆ (ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿ ಪ್ರವಾಸದ ಆರು ತಿಂಗಳು ಮೊದಲಿನಿಂದ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. 12 ದಾಟಿದವರು ಬೆರಳಚ್ಚು ಕೊಡಲು ಖುದ್ದಾಗಿ ಹೋಗಬೇಕು. ಹಾಗಾಗಿ ಇಡೀ ತಂಡಕ್ಕೆ ಒಂದು ಬೆಂಗಳೂರು ಪ್ರಯಾಣ ಲೆಕ್ಕದಲ್ಲಿ ಹಿಡಿಯಿರಿ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಲಾಭರಹಿತ ಸಂಸ್ಥೆಯ ಪರವಾಗಿ, ಲಾಭರಹಿತ ಸಂಸ್ಥೆಯೇ ನಡೆಸುವ ಕ್ರೀಡಾಕೂಟಕ್ಕೆ ಹೋಗುವ 25 ವರ್ಷದೊಳಗಿನವರಿಗೆ ಶುಲ್ಕ ಮನ್ನಾ ಆಗಬಹುದು. ನಿಮ್ಮ ಸಂಸ್ಥೆ ನೋಂದಾಯಿತವಾಗಿದ್ದರೆ ಕೇಳಿ ನೋಡಿ.

ಪಾಲಕರು ಬಾರದ ಪ್ರತಿ ಮಗುವಿಗೂ ತಂದೆ-ತಾಯಿ ಇಬ್ಬರ ಒಪ್ಪಿಗೆ ಪತ್ರ ಇಂಗ್ಲಿಷ್‌ನಲ್ಲಿ, ನೋಟರಿ ಮಾಡಿಸಿದ್ದು ಇರಲಿ. ಯಾರ ಜೊತೆ, ಯಾವ ದಿನದಿಂದ ಯಾವ ದಿನದವರೆಗೆ, ಎಲ್ಲಿ ಇಳಿದುಕೊಳ್ಳುತ್ತದೆ, ತುರ್ತು ಚಿಕಿತ್ಸೆಗೆ ಯಾರು ಒಪ್ಪಿಗೆ ಕೊಡಬಹುದು, ಇಷ್ಟೂ ಅದರಲ್ಲಿ ಬರಬೇಕು.

ಹಂತ 5: ರೊಕ್ಕ

ಪಟ್ಟಿಯಲ್ಲಿ ಪಾಸ್‌ಪೋರ್ಟ್, ವೀಸಾ, ವಿಮೆ, ವಿಮಾನ, ಊರಿನಿಂದ ವಿಮಾನ ನಿಲ್ದಾಣಕ್ಕೆ ಹೋಗಿಬರುವುದು, ವಸತಿ, ಊಟ, ಅಲ್ಲಿಯ ಓಡಾಟ, ಪ್ರವೇಶ ಶುಲ್ಕ, ಕಿಟ್ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಕಾಣಬೇಕು. ಕೋಚ್ ಮತ್ತು ಮ್ಯಾನೇಜರ್ ಖರ್ಚನ್ನು ಮಕ್ಕಳ ಮೇಲೆ ಹಂಚುವುದಾದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಮೇಲೆ ಹತ್ತನೇ ಒಂದು ಭಾಗ ತುರ್ತಿಗೆ ಇಡಿ, ಉಳಿದರೆ ವಾಪಸ್ ಕೊಡಿ. ಸಂಗ್ರಹ ಸಂಸ್ಥೆಯ ಬ್ಯಾಂಕ್ ಖಾತೆಗೇ ಬರಲಿ. ಒಬ್ಬ ಪಾಲಕರೇ ಲೆಕ್ಕ ಇಟ್ಟು ವಾರಕ್ಕೊಮ್ಮೆ ವಾಟ್ಸಾಪ್ ಗುಂಪಿಗೆ ಹಾಕಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ದಾನಿಗಳ ಬಳಿ ಹೋಗುವಾಗ ತಂಡದ ಫೋಟೊ ಒಂದೇ ಸಾಲದು. ಸ್ಪರ್ಧೆ ಯಾವುದು, ಮಗುವಿನ ಈವರೆಗಿನ ಫಲಿತಾಂಶ ಏನು, ಎಷ್ಟು ಬೇಕು, ಎಷ್ಟು ಕೂಡಿದೆ ಎಂಬ ಒಂದು ಪುಟದ ಕಾಗದ ಒಯ್ಯಿರಿ. ದುರ್ಗದಬೈಲಿನ ಅಂಗಡಿಕಾರರೇ ಇರಲಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳೇ ಇರಲಿ, ಲೆಕ್ಕ ಸ್ಪಷ್ಟವಿದ್ದ ಕಡೆ ಕೈ ಬಿಚ್ಚುತ್ತಾರೆ. ಕಂಪನಿಗಳಿಗೂ ಅರ್ಜಿ ಹಾಕಬಹುದು. 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆಯ ಕ್ರೀಡೆ, ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ವೆಚ್ಚಕ್ಕೆ ಅರ್ಹ. ಆದರೆ ನಿಮ್ಮ ಟ್ರಸ್ಟ್ ಅಥವಾ ಸೊಸೈಟಿ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಆಗಿರಬೇಕು, ಅದಕ್ಕೆ ಆದಾಯ ತೆರಿಗೆಯ 12ಎ, 80ಜಿ ಕಾಗದಗಳೂ ಬೇಕು. ಆ ಕೆಲಸ ಒಂದು ಪ್ರವಾಸದ ಅವಧಿಯಲ್ಲಿ ಮುಗಿಯುವಂಥದ್ದಲ್ಲ, ಇವತ್ತೇ ಆಡಿಟರ್ ಹತ್ತಿರ ಶುರು ಮಾಡಿ.

ಹಂತ 6: ತಯಾರಿ

ನಮ್ಮ ಮಕ್ಕಳು ಕಲಿತದ್ದು ಸಿಮೆಂಟ್ ನೆಲ, ಶಹಾಬಾದ್ ಕಲ್ಲಿನ ಮೇಲೆ. ಸ್ಪರ್ಧೆ ನಡೆಯುವುದು 8 ಮೀಟರ್ ಚೌಕದ ಮೆತ್ತನೆ ಮ್ಯಾಟ್ ಮೇಲೆ. ಕಾಲು ಹೂತಂತಾಗಿ ತಿರುಗುವಾಗ ಮೊಣಕಾಲು ಉಳುಕುತ್ತದೆ, ಅಂಚಿನ ಅಂದಾಜು ಸಿಗದೆ ಹೊರಗೆ ಕಾಲಿಟ್ಟು ದಂಡ ತಿನ್ನುತ್ತಾರೆ. ಕಡೆಯ ಆರು ವಾರವಾದರೂ ಮ್ಯಾಟ್ ಇರುವ ಹಾಲ್ ಗೊತ್ತು ಮಾಡಿ. ಎರಡು ಮೂರು ಕ್ಲಬ್ ಕೂಡಿದರೆ ಬಾಡಿಗೆ ಹಗುರ, ಹೊಸ ಎದುರಾಳಿಗಳೂ ಸಿಗುತ್ತಾರೆ.

ಕನ್ನಡ ಮಾಧ್ಯಮದ ಮಕ್ಕಳು ‘ಅಲ್ಲಿ ಇಂಗ್ಲಿಷ್ ಬರಬೇಕಲ್ಲ ಸರ್’ ಎಂದು ಅಳುಕುತ್ತಾರೆ. ಮ್ಯಾಟ್ ಮೇಲೆ ನಡೆಯುವುದು ಹಾಜಿಮೆ (ಶುರು), ಯಾಮೆ (ನಿಲ್ಲಿಸು), ಆಕಾ (ಕೆಂಪು), ಆವೊ (ನೀಲಿ). ಟೇಕ್ವಾಂಡೊ ಆದರೆ ಶಿಜಾಕ್ (ಶುರು), ಕಾಲ್ಯೊ (ಬೇರೆಯಾಗಿ), ಚುಂಗ್ (ನೀಲಿ), ಹೋಂಗ್ (ಕೆಂಪು). ಕುಂದಗೋಳದ ಹುಡುಗಿಗೂ ಜರ್ಮನಿಯ ಹುಡುಗಿಗೂ ಅವು ಒಂದೇ. ಧ್ವನಿವರ್ಧಕದಲ್ಲಿ ತಮ್ಮ ಹೆಸರನ್ನು ವಿದೇಶಿಯರು ತಪ್ಪಾಗಿ ಕೂಗಿದರೂ ಗುರುತು ಹಿಡಿಯುವುದನ್ನು ಮಾತ್ರ ರೂಢಿ ಮಾಡಿಸಿ.

ತೂಕದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬೆಳೆಯುವ ವಯಸ್ಸಿನ ಮಗು ಹೆಸರು ಕೊಟ್ಟ ದಿನಕ್ಕಿಂತ ಆಡುವ ದಿನ ಭಾರ ಇರುವುದು ಸಹಜ. ಗಡಿಯಲ್ಲಿದ್ದರೆ ಮೇಲಿನ ವಿಭಾಗಕ್ಕೇ ಹೆಸರು ಕೊಡಿ. ನೀರು ಬಿಡಿಸಿ, ಉಪವಾಸ ಕೆಡವಿ, ಜಾಕೆಟ್ ಹಾಕಿಸಿ ಓಡಿಸಿ ತೂಕ ಇಳಿಸುವುದನ್ನು ಮಕ್ಕಳ ಮೇಲೆ ಮಾಡಲೇಬೇಡಿ. ದೇಹ ಒಣಗಿದವರಿಗೆ ತಲೆಪೆಟ್ಟಿನ ಅಪಾಯವೂ ಹೆಚ್ಚು.

ಔಷಧಿಯ ಕಡೆ ಎಚ್ಚರ. ಮಾನ್ಯ ಸ್ಪರ್ಧೆಗಳಲ್ಲಿ ಉದ್ದೀಪನ ಮದ್ದಿನ ಪತ್ತೆಗೆ ಮೂತ್ರ ಪರೀಕ್ಷೆ ಚಿಕ್ಕವರಿಗೂ ಆಗಬಹುದು. ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೊಎಫೆಡ್ರಿನ್ ಸ್ಪರ್ಧೆಯ ವೇಳೆ ಮಿತಿ ಮೀರಿದರೆ ನಿಷಿದ್ಧ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ‘ನಾಡಾ’ದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಮಾತ್ರೆಯ ಹೆಸರು ಹಾಕಿ ನೋಡಬಹುದು. ಆಸ್ತಮಾ ಇರುವ ಮಗುವಿನ ಇನ್‌ಹೇಲರ್ ಜೊತೆ ವೈದ್ಯರ ಚೀಟಿ ಇರಲಿ. ಜಿಮ್ ಅಂಗಡಿಯ ಪುಡಿ ಡಬ್ಬಿಗಳನ್ನು ಮುಟ್ಟಬೇಡಿ.

ವಿಮೆ ಕೊಳ್ಳುವಾಗ ‘ಸ್ಪರ್ಧಾತ್ಮಕ ಕ್ರೀಡೆಯಲ್ಲಿ ಆದ ಗಾಯಕ್ಕೆ ಅನ್ವಯ’ ಎಂಬ ಸಾಲು ಪಾಲಿಸಿಯಲ್ಲಿ ಇದೆಯೇ ಎಂದು ಓದಿ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಅದನ್ನು ಹೊರಗಿಟ್ಟಿರುವುದೇ ಹೆಚ್ಚು.

ಹಂತ 7: ಚೀಲ ಕಟ್ಟುವುದು

ಕರಾಟೆಗೆ ಕೆಂಪು ಮತ್ತು ನೀಲಿ ಬೆಲ್ಟ್, ಅದೇ ಎರಡು ಬಣ್ಣದ ಗ್ಲೌಸ್, ಶಿನ್ ಗಾರ್ಡ್, ಪಾದದ ರಕ್ಷೆ, ಬಾಡಿ ಪ್ರೊಟೆಕ್ಟರ್, ಹುಡುಗಿಯರಿಗೆ ಚೆಸ್ಟ್ ಗಾರ್ಡ್, ಗಮ್ ಶೀಲ್ಡ್. 14ರ ಕೆಳಗಿನವರಿಗೆ ಫೇಸ್ ಮಾಸ್ಕ್ ಕೂಡ. ಡಬ್ಲ್ಯುಕೆಎಫ್ ಸ್ಪರ್ಧೆಯಲ್ಲಿ ಅವರು ಒಪ್ಪಿದ ಬ್ರ್ಯಾಂಡ್ ಬಿಟ್ಟು ಬೇರೆ ನಡೆಯುವುದಿಲ್ಲ. ಟೇಕ್ವಾಂಡೊದವರು ಎಲೆಕ್ಟ್ರಾನಿಕ್ ಸಾಕ್ಸ್ ಕೊಳ್ಳುವ ಮುಂಚೆ ಅಲ್ಲಿ ಅಂಕ ಎಣಿಸುವುದು ಡೈಡೊ ಕಂಪನಿಯ ವ್ಯವಸ್ಥೆಯೋ ಕೆಪಿಎನ್‌ಪಿಯದೋ ಕೇಳಿಕೊಳ್ಳಿ, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಕುಮಿಟೆಯಲ್ಲಿ ಕನ್ನಡಕ ನಿಷಿದ್ಧ. ಕಾಂಟ್ಯಾಕ್ಟ್ ಲೆನ್ಸ್ ಅಭ್ಯಾಸಕ್ಕೆ ತಿಂಗಳಾದರೂ ಬೇಕು. ಹಲ್ಲಿಗೆ ತಂತಿ ಹಾಕಿಸಿಕೊಂಡವರು ಡಾಕ್ಟರ್ ಮತ್ತು ರೆಫರಿ ಒಪ್ಪಿಗೆ ಪಡೆಯಬೇಕಾಗುತ್ತದೆ.

ಕೊಬುಡೊ (ಆಯುಧಗಳ ಕಲೆ) ಪ್ರದರ್ಶನಕ್ಕೆ ಬೊ (ಉದ್ದ ಕೋಲು), ಸಾಯ್ (ಲೋಹದ ಮೂರು ಮೊನೆಯ ಆಯುಧ), ನಂಚಾಕು (ಸರಪಳಿ ಅಥವಾ ಹಗ್ಗದಿಂದ ಜೋಡಿಸಿದ ಎರಡು ಕೋಲು) ಒಯ್ಯುವವರು ಅವನ್ನು ಚೆಕ್-ಇನ್ ಸಾಮಾನಿನಲ್ಲೇ ಹಾಕಬೇಕು. ಅದಕ್ಕೂ ಮುಂಚೆ ಆ ದೇಶದ ಕಾನೂನು ನೋಡಿ. ಜರ್ಮನಿಯಲ್ಲಿ ನಂಚಾಕು ಹೊಂದಿರುವುದೇ ಅಪರಾಧ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಒಂದು ಗಿ (ಕರಾಟೆಯ ಬಿಳಿ ಉಡುಪು), ಬೆಲ್ಟ್‌ಗಳು, ಗಮ್ ಶೀಲ್ಡ್ ಕೈಚೀಲದಲ್ಲಿದ್ದರೆ ದೊಡ್ಡ ಚೀಲ ತಪ್ಪಿಹೋದರೂ ಮಗು ಮ್ಯಾಟ್ ಏರಬಹುದು.

ಬುತ್ತಿ ಕಟ್ಟದೆ ನಮ್ಮ ತಾಯಂದಿರು ಕಳಿಸುವುದಿಲ್ಲ, ಕಟ್ಟಲಿ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹಚ್ಚಿದ ಅವಲಕ್ಕಿ ವಾರಗಟ್ಟಲೆ ಇರುತ್ತವೆ, ಹೊಟ್ಟೆ ಕೆಡಿಸುವುದಿಲ್ಲ. ಆದರೆ ಅಂಟಿನ ಉಂಡಿ, ಕರಿಗಡಬುಗಳಲ್ಲಿ ಗಸಗಸೆ ಹಾಕುವುದುಂಟು. ಸಿಂಗಪುರ ಮತ್ತು ಯುಎಇಯಲ್ಲಿ ಗಸಗಸೆ ನಿಷಿದ್ಧ ವಸ್ತು, ಒಯ್ದರೆ ಬಂಧನದವರೆಗೂ ಹೋಗಬಹುದು. ಅದನ್ನು ತಿಂದವರ ಮೂತ್ರದಲ್ಲಿ ಮಾರ್ಫಿನ್ ಅಂಶವೂ ಕಾಣಬಲ್ಲದು. ಪ್ರತಿ ಮನೆಗೂ ಇದನ್ನು ಫೋನ್ ಮಾಡಿ ಹೇಳಿ. ಯುರೋಪಿಗೆ ಹಾಲಿನ ಪದಾರ್ಥ ಒಯ್ಯಲು ನಿರ್ಬಂಧ ಇರುವುದರಿಂದ ಅಲ್ಲಿಯ ಕೋಚ್‌ಗೆ ಕೊಡಲೆಂದು ಇಟ್ಟುಕೊಂಡ ಧಾರವಾಡ ಪೇಢೆಯನ್ನೂ ತಡೆಯಬಹುದು. ಉಡುಗೊರೆಗೆ ಇಳಕಲ್ ಅಂಚಿನ ಬಟ್ಟೆ, ಕಸೂತಿ ಹಾಕಿದ ಚೀಲ ಒಳ್ಳೆಯದು.

ಹಂತ 8: ಪ್ರಯಾಣ

ಹುಬ್ಬಳ್ಳಿಯಿಂದ ನೇರ ವಿದೇಶಿ ವಿಮಾನ ಇಲ್ಲ. ಹೆಚ್ಚಿನವರಿಗೆ ಬೆಂಗಳೂರೇ ದಾರಿ. ಹುಬ್ಬಳ್ಳಿ-ಬೆಂಗಳೂರು ಮತ್ತು ಬೆಂಗಳೂರು-ವಿದೇಶ ಟಿಕೆಟ್ ಬೇರೆ ಬೇರೆ ತೆಗೆದರೆ ಮೊದಲನೆಯದು ತಡವಾದಾಗ ಎರಡನೆಯ ಕಂಪನಿ ಹೊಣೆ ಹೊರುವುದಿಲ್ಲ. ಒಂದೇ ಪಿಎನ್‌ಆರ್ ಸಿಕ್ಕರೆ ಹಾಗೆ ಹೋಗಿ, ಇಲ್ಲದಿದ್ದರೆ ಒಂದು ದಿನ ಮೊದಲೇ ರೈಲಿಗೆ ಹೊರಡಿ. ಧಾರವಾಡ-ಬೆಂಗಳೂರು ವಂದೇ ಭಾರತ್‌ನಲ್ಲಿ ಬರುವವರು ಯಶವಂತಪುರದಲ್ಲಿ ಇಳಿದರೆ ದೇವನಹಳ್ಳಿ ಹತ್ತಿರ.

ಎಲ್ಲರ ಪಾಸ್‌ಪೋರ್ಟ್ ಮೊದಲ ಪುಟ, ವೀಸಾ, ವಿಮೆ, ಒಪ್ಪಿಗೆ ಪತ್ರದ ನಕಲುಗಳು ಒಂದು ಕಡತದಲ್ಲಿ ಮ್ಯಾನೇಜರ್ ಬಳಿ, ಇನ್ನೊಂದು ಕಡತದಲ್ಲಿ ಊರಿನ ಒಬ್ಬ ಪಾಲಕರ ಬಳಿ ಇರಲಿ. ಪಾಸ್‌ಪೋರ್ಟ್ ಕಳೆದರೆ ಅಲ್ಲಿಯ ಪೊಲೀಸ್ ದೂರು, ನಂತರ ಭಾರತೀಯ ರಾಯಭಾರ ಕಚೇರಿಯಿಂದ ಮರಳಿ ಬರಲು ಎಮರ್ಜೆನ್ಸಿ ಸರ್ಟಿಫಿಕೇಟ್. ಆ ಕಚೇರಿಯ ತುರ್ತು ಸಂಖ್ಯೆಯನ್ನು ಮಕ್ಕಳ ಕೊರಳ ಕಾರ್ಡಿನ ಹಿಂದೆ ಬರೆಯಿಸಿ.

ಹಂತ 9: ಅಲ್ಲಿ

ಹುಡುಗಿಯರಿರುವ ತಂಡ ಮಹಿಳಾ ಮ್ಯಾನೇಜರ್ ಇಲ್ಲದೆ ಹೊರಡಬಾರದು. ತಾಯಂದಿರಲ್ಲೇ ಒಬ್ಬರು ಬಂದರೂ ಸರಿ. ದೊಡ್ಡವರು ಮಕ್ಕಳ ಕೋಣೆಯಲ್ಲಿ ಮಲಗುವುದಿಲ್ಲ, ಕೋಚ್ ಆದವರು ಒಂಟಿ ಮಗುವನ್ನು ಕೋಣೆಗೆ ಕರೆಯುವುದಿಲ್ಲ, ಉಳುಕಿದ ಕಾಲು ತಿಕ್ಕುವುದಿದ್ದರೂ ಎಲ್ಲರ ಕಣ್ಣೆದುರಿಗೆ. ಈ ನಿಯಮಗಳನ್ನು ಹೊರಡುವ ಮುಂಚಿನ ಸಭೆಯಲ್ಲಿ ಮಕ್ಕಳ ಎದುರಿಗೇ ಓದಿ ಹೇಳಿ. ಅವುಗಳನ್ನು ಕೇಳಿ ಮುನಿಯುವ ಕೋಚ್ ಜೊತೆ ಮಕ್ಕಳನ್ನು ಕಳಿಸಬೇಡಿ.

ತಲುಪಿದ ದಿನ ಹಗುರ ಓಟ, ಬೇಗ ನಿದ್ದೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಗಿನ 8ಕ್ಕೆ ಆಡಬೇಕಾದ ಮಗುವಿನ ದೇಹಕ್ಕೆ ಅದು ನಸುಕಿನ ನಾಲ್ಕೂವರೆ. ಹೊರಡುವ ಹಿಂದಿನ ವಾರದಿಂದಲೇ ಮಲಗುವ ಹೊತ್ತನ್ನು ದಿನಕ್ಕೆ ಅರ್ಧ ಗಂಟೆ ಹಿಂದಕ್ಕೆ ತನ್ನಿ.

ತಲೆಗೆ ಪೆಟ್ಟು ಬಿದ್ದು ತಲೆನೋವು, ವಾಂತಿ, ಮಂಕು, ಮಾತಿನ ತಡವರಿಕೆ ಇವುಗಳಲ್ಲಿ ಒಂದು ಕಂಡರೂ ಆ ದಿನದ ಆಟ ಅಲ್ಲಿಗೆ ಮುಗಿಯಿತು. ಫೈನಲ್ ಇದ್ದರೂ ಅಷ್ಟೇ, ಮಗು ‘ಆಡ್ತೀನಿ ಸರ್’ ಎಂದು ಅತ್ತರೂ ಅಷ್ಟೇ. ಮೊದಲು ಆಸ್ಪತ್ರೆ, ನಂತರ ಮನೆಗೆ ಫೋನ್.

ಪ್ರತಿ ಪಂದ್ಯವನ್ನೂ ಒಬ್ಬರು ವಿಡಿಯೊ ಮಾಡಲಿ, ನಮ್ಮ ಮಕ್ಕಳನ್ನು ಸೋಲಿಸಿದವರ ಮುಂದಿನ ಪಂದ್ಯಗಳನ್ನೂ ಬಿಡಬೇಡಿ. ಸೋತವರು ಹೋಟೆಲ್ ಸೇರದೆ ಗ್ಯಾಲರಿಯಲ್ಲಿ ಕೂತು ತಮ್ಮದೇ ತೂಕದ ಫೈನಲ್ ನೋಡಿ, ಕಂಡದ್ದನ್ನು ನೋಟ್‌ಬುಕ್‌ನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಲಿ.

ಹಂತ 10: ಮರಳಿದ ಮೇಲೆ

ಒಂದು ವಾರದೊಳಗೆ ರಸೀದಿ ಸಮೇತ ಲೆಕ್ಕ ಒಪ್ಪಿಸಿ. ದಾನಿಗಳಿಗೆ ಫಲಿತಾಂಶದ ಪತ್ರ ಕಳಿಸಿ, ಸೋತಿದ್ದರೆ ಸೋತದ್ದನ್ನೇ ಬರೆಯಿರಿ. ಪತ್ರಿಕೆಗೆ ಕೊಡುವ ಸುದ್ದಿಯಲ್ಲಿ ಸ್ಪರ್ಧೆಯ ಸರಿಯಾದ ಹೆಸರು, ವಯೋವಿಭಾಗ, ಆ ವಿಭಾಗದಲ್ಲಿ ಎಷ್ಟು ಜನ ಆಡಿದರು ಎಂಬುದು ಇರಲಿ. ಪೆಟ್ಟಾದವರನ್ನು ಇಲ್ಲಿಯ ವೈದ್ಯರಿಗೆ ತೋರಿಸಿ, ಅವರು ಒಪ್ಪಿದ ಮೇಲೆಯೇ ಕ್ಲಾಸಿಗೆ ಸೇರಿಸಿ. ವಿಮೆಯ ಕ್ಲೇಮ್‌ಗೆ ಅಲ್ಲಿಯ ಆಸ್ಪತ್ರೆಯ ಮೂಲ ಬಿಲ್ ಬೇಕಾಗುತ್ತದೆ, ಅವನ್ನು ಜೋಪಾನವಾಗಿಡಿ. ಪಾಸ್‌ಪೋರ್ಟ್‌ಗಳನ್ನು ಕ್ಲಬ್ಬಿನ ಕಪಾಟಿನಲ್ಲಿ ಇಟ್ಟುಕೊಳ್ಳದೆ ಅವರವರ ಮನೆಗೆ ಕೊಟ್ಟು, ಯಾವುದು ಯಾವ ತಿಂಗಳು ಮುಗಿಯುತ್ತದೆ ಎಂಬ ಪಟ್ಟಿಯನ್ನು ಮಾತ್ರ ನಿಮ್ಮಲ್ಲಿ ಇಟ್ಟುಕೊಳ್ಳಿ.